ಹೆಸರು ಬಿಟ್ಟ ಜಾಗ

ಏಪ್ರಿಲ್ ೨೩, ಬುಧವಾರ. ಮಧ್ಯಾಹ್ನ

ಓಆರ್‌ಎಸ್ ಚರ್ಚಿನ ದವಾಖಾನೆಯಲ್ಲಿ ಮತ್ತೆ ಖಾಲಿ. ಸಿಸ್ಟರ್‌ಗೆ ಹೇಳಿ ಹೇಳಿ ಸಾಕಾಯಿತು. ಜೇವರ್ಗಿಯಿಂದ ಬರುವ ತನಕ ಉಪ್ಪು-ಸಕ್ಕರೆ ನೀರು ಕುಡಿಯಿರಿ ಎಂದು ಬಂದವರನ್ನೆಲ್ಲ ಸಾಗಹಾಕಿದೆ. ಬಿಸಿಲು ಎಂಥದೆಂದರೆ ಗುಳಿಗೆಯ ಪಟ್ಟಿಯೂ ಕೈ ಸುಡುತ್ತದೆ.

ಸೋಮವಾರ ರೋಮ್‌ನಲ್ಲಿ ಪೋಪ್ ತೀರಿಕೊಂಡರಂತೆ. ಸಿಸ್ಟರ್ ಕಣ್ಣು ಇನ್ನೂ ಕೆಂಪು. ಚರ್ಚಿನವರು ‘ಜಗದ್ಗುರು ಹೋದರು’ ಎಂದದ್ದಕ್ಕೆ ಹೆಸರಿಗಷ್ಟೇ ಶ್ರೀಮಂತನಾದವನ ಹೋಟೆಲಿನಲ್ಲಿ ಯಾವ ಮಠದವರು ಎಂದು ವಿಚಾರಣೆ ನಡೆಯಿತು. ಗೊತ್ತಾದ ಮೇಲೆ ಒಂದು ಕಪ್ ಚಹಾ ಮುಗಿಯುವಷ್ಟು ದುಃಖ.

ಬುಧವಾರ, ಭಾನುವಾರ ಬೆಳಿಗ್ಗೆ ಫಾದರ್ ಬಂದು ಪೂಜೆ ಮಾಡುತ್ತಾರೆ. ಅದು ಮುಗಿದ ಮೇಲೆ ದವಾಖಾನೆ ತೆರೆಯುವುದು. ಅಲ್ಲಿಯ ತನಕ ನಾನು ಚರ್ಚಿನ ಕಟ್ಟೆಯ ಮೇಲೆ. ಒಳಗೆ ಹೋಗುವುದಿಲ್ಲ, ಆದರೆ ಕೇಳಿ ಕೇಳಿ ಪೂಜೆ ಪೂರ್ತಿ ಬಾಯಿಪಾಠ. ನಡುವೆ ಒಂದು ಕಡೆ ‘ನಮ್ಮ ಜಗದ್ಗುರು’ ಎಂದು ಪೋಪರ ಹೆಸರು ಹೇಳುತ್ತಾರೆ, ಆಮೇಲೆ ಬಿಷಪ್ಪರದು. ಹೊಸಬರನ್ನು ಆರಿಸುವ ತನಕ ಪೋಪರ ಹೆಸರು ಬಿಟ್ಟು ಮುಂದೆ ಹೋಗುವುದು ಅವರ ಪದ್ಧತಿಯಂತೆ. ಫಾದರ್ ಮುಂದೆ ಹೋಗಲಿಲ್ಲ. ಅಷ್ಟು ವರ್ಷ ಅದೇ ಹೆಸರು ಹೇಳಿದ ನಾಲಿಗೆ, ಅಲ್ಲಿಗೆ ಬಂದು ನಿಂತುಬಿಟ್ಟಿತು. ಒಂದು ಉಸಿರಿನಷ್ಟು ಮೌನ.

ಆ ಮೌನದಲ್ಲಿ ಮುದುಕಿ ಹಣಮವ್ವ ಗಟ್ಟಿಯಾಗಿ ಅಂದಳು — ಮಾಳಿಂಗಪ್ಪ.

ಅವಳ ಗಂಡ. ಸತ್ತು ಎಷ್ಟೋ ವರ್ಷವಾಯಿತು. ಅವನು ಬದುಕಿದ್ದಾಗ ಒಂದು ಸಲವೂ ಆ ಹೆಸರು ಅವಳ ಬಾಯಲ್ಲಿ ಬಂದದ್ದಿಲ್ಲ. ನಮ್ಮ ಕಡೆ ಯಾವ ಜಾತಿಯ ಹೆಂಗಸು ಗಂಡನ ಹೆಸರು ಹೇಳುತ್ತಾಳೆ? ಆಮೇಲೆ ಕೇಳಿದೆ. ಫಾದರ್ ಸತ್ತವರ ಸಲುವಾಗಿ ಜಾಗ ಬಿಟ್ಟಿದ್ದಾರೆ ಎಂದು ತಿಳಿದಳಂತೆ. ಸತ್ತವರನ್ನು ನೆನೆಯುವ ಜಾಗ ಪೂಜೆಯಲ್ಲಿ ಬೇರೆಯೇ ಇದೆ. ನಗು ಬಂತು, ತಡೆದುಕೊಂಡೆ.

ಏಪ್ರಿಲ್ ೨೪, ಗುರುವಾರ

ಹಣಮವ್ವ ಬಿಪಿ ಗುಳಿಗೆಗೆ ಬಂದಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು, ಬೀಗರ ಮನೆಗೆ ಹೊರಟವಳ ಹಾಗೆ.

“ನಿನ್ನಿ ದೀಪ ಹಚ್ಚೋ ಹೊತ್ತಿಗಿ ನಮ್ಮ ಮನಿಯವ್ರು ಬಂದಿದ್ರು ಬೇ. ಹೊಲದಿಂದ ಬಂದಾಗ ಪಾವಟಿಗಿ ಮ್ಯಾಲ ಕೋಲು ಕುಟ್ಟತಿದ್ರಲ್ಲ, ಹಂಗ ಕುಟ್ಟಿದ್ರು. ಬಾಗಲಾ ತೆಗೆದೆ. ಯಾರೂ ಇಲ್ಲ. ಆದ್ರ ಯಾರೋ ನನ್ನ ಮಗ್ಗಲದಾಗ ಹಾದು ಒಳಗ ಹೋದಂಗಾತು.”

ಬಿಪಿ ನೋಡಿದೆ. ಸರಿ ಇತ್ತು. ಏರಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಏಪ್ರಿಲ್ ೨೭, ಭಾನುವಾರ. ಸಂಜೆ

ಹಣಮವ್ವನ ಬಾಯಿ ಊರಿಗೆಲ್ಲ ಡಂಗುರ. ಚರ್ಚು ತುಂಬಿ ಕಿಟಕಿಗಳಲ್ಲೂ ಜನ. ಚರ್ಚಿನವರಲ್ಲದವರು, ನಮ್ಮ ಮಸೀದಿ ಓಣಿಯವರು ಕೂಡ. ಆ ಜಾಗ ಬಂತು. ಫಾದರ್ ತಡವರಿಸಿದರು. ಅಲ್ಲೊಂದು ಇಲ್ಲೊಂದು ಹೆಸರು ಕೇಳಿಸಿತು. ಬೀರಲಿಂಗಪ್ಪ ತನ್ನ ತಾಯಿಯ ಹೆಸರು ಹೇಳಿದ — ಗಂಗಾಬಾಯಿ.

ಸಂಜೆ ಅವನ ಕಾಲಿನ ಪಟ್ಟಿ ಬದಲಿಸಲು ಹೋಗಿದ್ದೆ. ಸಕ್ಕರೆ ಕಾಯಿಲೆಯ ಹುಣ್ಣು, ಮಾಯುತ್ತಿಲ್ಲ. ಪಟ್ಟಿ ಸುತ್ತುತ್ತಿದ್ದಾಗ ಹೊರಗೆ ಕಲ್ಲಿನ ಮೇಲೆ ಹಿತ್ತಾಳೆಯ ತಂಬಿಗೆ ಇಟ್ಟ ಸದ್ದು. ಬೀರಲಿಂಗಪ್ಪ ನನ್ನ ಮಣಿಕಟ್ಟು ಹಿಡಿದ. ಅವನ ತಾಯಿ ಬಾವಿಯಿಂದ ಬಂದವಳು ಒಳಗೆ ಕಾಲಿಡುವ ಮೊದಲು ಹಾಗೆಯೇ ತಂಬಿಗೆ ಕುಕ್ಕುತ್ತಿದ್ದಳು. ನಾನೂ ಎಷ್ಟೋ ಸಲ ನೋಡಿದ್ದೇನೆ.

ಮತ್ತೊಮ್ಮೆ ಸದ್ದು. ಆಮೇಲೆ ಇನ್ನೊಮ್ಮೆ, ಮೆಲ್ಲಗೆ. ತೆಗೆಯಲಾ ಎಂದೆ. ಬೇಡ ಎಂದು ತಲೆಯಾಡಿಸಿದ. ಗಟ್ಟಿ ಆಳು, ನನ್ನ ಮಣಿಕಟ್ಟು ಬಿಡಲೇ ಇಲ್ಲ. ಸದ್ದು ನಿಂತ ಮೇಲೆ ಬಾಗಿಲು ತೆರೆದು ಅಂಗಳಕ್ಕೆ ಬಂದೆ. ತಂಬಿಗೆ ಇರಲಿಲ್ಲ. ಕಲ್ಲಿನ ಮೇಲೆ ದುಂಡಗೆ ಒಂದು ಒದ್ದೆ ಗುರುತು. ನೋಡುತ್ತಿದ್ದ ಹಾಗೆ ಆರಿತು.

ಹೆದರಿದೆ. ಯಾರೂ ಓದದ ಪುಸ್ತಕ, ಇಲ್ಲಾದರೂ ಹೇಳಬಹುದು.

ಮೇ ೧, ಗುರುವಾರ

ಹೋಟೆಲಿನ ಶ್ರೀಮಂತ ನಿನ್ನೆ ಪೂಜೆಯಲ್ಲಿ ತಮ್ಮನ ಹೆಸರು ಹೇಳಿದ. ಆ ತಮ್ಮ ಶರಣಕುಮಾರ ಹೊಲದ ಜಗಳದಲ್ಲಿ ಮನೆ ಬಿಟ್ಟು ಹೋಗಿ ಬಹಳ ದಿನವಾಯಿತು, ಸುದ್ದಿಯಿಲ್ಲ. ಶ್ರೀಮಂತ ಸಂಜೆ ಪೂರಾ ಬಾಗಿಲಲ್ಲಿ ಕುಳಿತನಂತೆ. ಯಾರೂ ಬರಲಿಲ್ಲ. ಇವತ್ತು ಬೆಳಿಗ್ಗೆ ಸಾಂಗ್ಲಿಯಿಂದ ತಮ್ಮನ ಫೋನು. ಜೀವಂತ ಇದ್ದಾನೆ.

ಊರು ಒಂದೇ ದಿನದಲ್ಲಿ ಲೆಕ್ಕ ಹಾಕಿತು. ಹೆಸರು ಹೇಳಿದ ಸಂಜೆ ಬಂದರೆ, ಸತ್ತಿದ್ದಾರೆ. ಬರದಿದ್ದರೆ, ಇದ್ದಾರೆ.

ಮನೆಗೆ ಬಂದರೆ ಅತ್ತೆ ಒಲೆಯ ಮುಂದೆ ಸುಮ್ಮನೆ ಕೂತಿದ್ದರು. ಒಲೆ ಹೊತ್ತಿಸಿರಲಿಲ್ಲ. ಸುದ್ದಿ ಅವರಿಗೂ ಮುಟ್ಟಿದೆ.

ಮೇ ೪, ಭಾನುವಾರ

ಇವತ್ತು ಅತ್ತೆ ಕೇಳಿಯೇಬಿಟ್ಟರು, ಪೂಜೆಯಲ್ಲಿ ಮಗನ ಹೆಸರು ಹೇಳಲೇ ಎಂದು.

ಮಗ ಎಂದರೆ ನಮ್ಮ ಇವರು. ಹೋದದ್ದು ಭೀಮಾ ಹೊಳೆ ಉಕ್ಕಿದ ವರ್ಷ. ಘತ್ತರಗಿಯ ಭಾಗ್ಯವಂತಿ ಗುಡಿಯ ಅಂಗಡಿಗಳಿಗೆ ಟೆಂಪೋದಲ್ಲಿ ತೆಂಗಿನಕಾಯಿ ಹೇರಿಕೊಂಡು ಹೊರಟಿದ್ದರು. ಟೆಂಪೋ ಜಾಲಿಯ ಮರಕ್ಕೆ ಸಿಕ್ಕಿಕೊಂಡು ಉಳಿದಿತ್ತು. ಒಳಗೆ ಇವರಿಲ್ಲ, ಕೀಲಿಯೂ ಇಲ್ಲ. ತೆಂಗಿನಕಾಯಿ ಎಷ್ಟೋ ದಿನ ದಂಡೆಗೆ ಬರುತ್ತಲೇ ಇದ್ದವು. ಇವರು ಬರಲಿಲ್ಲ. ಅಫಜಲಪುರದಲ್ಲಿ ಕಂಡೆ ಎಂದ ಒಬ್ಬ. ಸೊಲ್ಲಾಪುರದಲ್ಲಿ ಎಂದ ಇನ್ನೊಬ್ಬ. ಗಂಡ ಸತ್ತವಳು ಮನೆಯೊಳಗೆ ಕೂರುವ ಇದ್ದತ್ ನಾನು ಕೂರಲಿಲ್ಲ. ಹೆಣ ಕಾಣದೆ ವಿಧವೆ ಹೇಗಾಗಲಿ? ಕೈಯಲ್ಲಿ ಹಸಿರು ಬಳೆ ಹಾಗೆಯೇ ಇವೆ. ಆಳಂದದಿಂದ ಅಣ್ಣ ಮುಕ್ರಮ ಫೋನು ಮಾಡಿದಾಗಲೆಲ್ಲ, ಹೀಗೆ ಎಷ್ಟು ದಿನ ಎಂದು ಕೇಳುತ್ತಾನೆ. ನಾನು ಫೋನು ಇಡುತ್ತೇನೆ.

ಮನೆಯಲ್ಲಿ ನಮ್ಮ ಮಾತು ಉರ್ದು. ಕನ್ನಡದಲ್ಲಿ ಬರೆಯುವುದು ಅತ್ತೆಗೆ ಓದಲು ಬಾರದಿರಲಿ ಎಂದೇ. ಅವರು ಅಂದದ್ದು, ಕನ್ನಡದಲ್ಲಿ ಇಷ್ಟು:

“ಬಂದ್ರ, ಫಾತೆಹಾ ಮಾಡಿಸಿ ಕಣ್ಣ ಮುಚ್ಚತೇನಿ. ಬರ್ಲಿಲ್ಲಂದ್ರ, ಮಗ ಎಲ್ಲೋ ಇದ್ದಾನಂತ ಕಣ್ಣ ಮುಚ್ಚತೇನಿ. ಎರಡರಾಗ ಒಂದು ಕೊಡು ನನಗ. ಆದ್ರ ಬಳಿ ಇರೋದು ನಿನ್ನ ಕೈಯಾಗ. ನೀ ಬ್ಯಾಡ ಅಂದ್ರ ನಾ ಬಾಯಿ ತೆಗಿಯಂಗಿಲ್ಲ.”

ಬೇಡ ಎಂದೆ.

ಇದ್ದಾರೋ ಇಲ್ಲವೋ ಎಂಬ ಈ ಜಾಗ ನನಗೆ ರೂಢಿಯಾಗಿದೆ. ಇಲ್ಲಿ ಅಡುಗೆ ಮಾಡಿದ್ದೇನೆ, ಇಲ್ಲಿ ಮಲಗಿದ್ದೇನೆ. ಎಬ್ಬಿಸಿದರೆ ಎಲ್ಲಿಗೆ ಹೋಗಲಿ?

ಮೇ ೭, ಬುಧವಾರ

ಟಿ.ವಿ. ತುಂಬ ಯುದ್ಧ. ಪರದೆಯ ಮೂಲೆಯಲ್ಲಿ ಸಣ್ಣ ಚೌಕ, ಅದರಲ್ಲಿ ಒಂದು ಚಿಮಣಿ. ಹೊಸ ಪೋಪ್ ಸಿಕ್ಕರೆ ಬಿಳಿ ಹೊಗೆ, ಸಿಗದಿದ್ದರೆ ಕಪ್ಪು. ಹೋಟೆಲಿನಲ್ಲಿ ಯಾರೋ ಭೂಸನೂರ ಸಕ್ಕರೆ ಫ್ಯಾಕ್ಟರಿಯ ಚಿಮಣಿ ಇದರಪ್ಪನಂಥದು ಎಂದ. ಎಲ್ಲರೂ ನಕ್ಕರು. ಆದರೆ ಕಪ್ಪು ಹೊಗೆಯೇ ಬರಲಿ ಎಂದು ಒಬ್ಬೊಬ್ಬರೂ ಒಳಗೊಳಗೆ ಬೇಡುತ್ತಿದ್ದರು. ಮುಖ ನೋಡಿದರೆ ತಿಳಿಯುತ್ತಿತ್ತು.

ಪೂಜೆಗೆ ಅತ್ತೆಯೂ ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತರು. ಮಂಡಿ ನೋವು, ಕೋಲೂರಿಕೊಂಡು ಬಂದಿದ್ದರು. ಆ ಜಾಗ ಬಂದಾಗ ನನ್ನ ಮುಖ ನೋಡಿದರು. ಬೇಡವೆಂದು ತಲೆಯಾಡಿಸಿದೆ. ಬಾಯಿ ಮುಚ್ಚಿಕೊಂಡೇ ಇದ್ದರು.

ಆಮೇಲೆ ಫಾದರ್ ಬಿಪಿ ತೋರಿಸಿಕೊಳ್ಳಲು ಬಂದರು. ಮಂಗಳೂರು ಕಡೆಯವರು, ಹೆಚ್ಚು ಮಾತಿನವರಲ್ಲ. ಪಟ್ಟಿ ಬಿಚ್ಚುವಾಗ ತಾವಾಗಿ ಅಂದರು.

“ಅಲ್ಲಿ ನಾನು ಬೇಕೆಂದು ನಿಲ್ಲುವುದಲ್ಲ ಜಸ್ಮೀನ್. ಆ ಹೊತ್ತಿಗೆ ಬೆನ್ನ ಹಿಂದೆ ಜನ ಬಂದು ನಿಂತ ಹಾಗಾಗುತ್ತದೆ. ಉಸಿರಾಡುವುದು ಕೇಳಿಸುತ್ತದೆ.”

ಪೂಜೆಯಲ್ಲಿ ಫಾದರ್ ನಿಲ್ಲುವುದು ಜನರ ಕಡೆ ಮುಖ ಮಾಡಿ. ಬೆನ್ನ ಹಿಂದೆ ಗೋಡೆ ಬಿಟ್ಟರೆ ಏನೂ ಇಲ್ಲ.

ಮೇ ೯, ಶುಕ್ರವಾರ. ಮಧ್ಯಾಹ್ನ

ನಿನ್ನೆ ಬಿಳಿ ಹೊಗೆ ಬಂತು. ಹೊಸ ಪೋಪ್ ಆಯ್ಕೆಯಾದರು.

ಸಿಸ್ಟರ್ ಬೆಳಿಗ್ಗೆಯೇ ಗಂಟೆ ಬಾರಿಸಿ, ಬಂದವರಿಗೆಲ್ಲ ಪೇಢೆ ಹಂಚಿದರು. ಪಾಪ, ಊರಲ್ಲಿ ಖುಷಿಯಾಗಿರುವವರು ಅವರೊಬ್ಬರೇ. ಉಳಿದವರು ಪೇಢೆ ಕೈಯಲ್ಲಿ ಹಿಡಿದುಕೊಂಡು ಸಾವಿನ ಮನೆಗೆ ಬಂದವರ ಹಾಗೆ ನಿಂತಿದ್ದರು. ಇಷ್ಟು ಲಗೂ ಹೇಗೆ ಆರಿಸಿದರು ಎಂದು ಶ್ರೀಮಂತನ ತಕರಾರು. ನಮ್ಮ ಪಂಚಾಯಿತಿ ಅಧ್ಯಕ್ಷನನ್ನು ಆರಿಸಲು ಮೆಂಬರುಗಳನ್ನು ವಾರಗಟ್ಟಲೆ ಬಚ್ಚಿಡಬೇಕಾಯಿತಲ್ಲ! ಹಣಮವ್ವ ಹೊಸ ಸ್ವಾಮಿಗಳು ನೂರು ವರ್ಷ ಬಾಳಲಿ ಎಂದು ಹರಸಿದಳು. ಒಂದು ಐತವಾರ ತಡವಾಗಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದೂ ಕೇಳಿದಳು.

ಎಲ್ಲರೂ ಸೇರಿ ಸಿಸ್ಟರ್ ಫೋನಿನಿಂದ ಫಾದರ್‌ಗೆ ಮಾತಾಡಿದರು. ಇದೊಂದು ಭಾನುವಾರ ಜಾಗ ಹಾಗೇ ಬಿಡಿ ಎಂದು. ಅಫಜಲಪುರದ ಕಡೆಯಿಂದ ಟಂಟಂ ಆಟೋ ಮಾಡಿಕೊಂಡು ಬಂದಿದ್ದ ಒಂದು ಕುಟುಂಬ ಅಳುತ್ತಲೇ ಕೇಳಿತು. ಫಾದರ್ ಒಪ್ಪಲಿಲ್ಲ. ಹೆಸರು ಇಲ್ಲದಾಗ ಬಿಟ್ಟೆ, ಹೆಸರು ಬಂದ ಮೇಲೆ ಬಿಡುವುದು ತಪ್ಪು ಎಂದರು. ಭಾನುವಾರ ಯಾರೂ ಬಾಯಿ ತೆರೆಯಬಾರದು ಎಂದೂ ಹೇಳಿದರು. ಅವರ ದನಿಯಲ್ಲಿ ನೆಮ್ಮದಿ ಇತ್ತು.

ಅತ್ತೆ ಊಟ ಬೇಡವೆಂದರು. ನನಗೆ ಗೆದ್ದ ಹಾಗೆ ಅನಿಸಬೇಕಿತ್ತು. ಅನಿಸಲಿಲ್ಲ.

ಮೇ ೧೧, ಭಾನುವಾರ. ಮಧ್ಯಾಹ್ನ

ಎರಡು ಸಲ ಪೆನ್ನು ಇಟ್ಟು ಎದ್ದೆ. ಬರೆಯದಿದ್ದರೆ ಆಗುವುದಿಲ್ಲ.

ಚರ್ಚು ಕಿಕ್ಕಿರಿದಿತ್ತು. ಫಾದರ್ ಮಾತಿಗೆ ಕಟ್ಟುಬಿದ್ದು ಒಬ್ಬರೂ ಪಿಟ್ಟೆನ್ನುತ್ತಿರಲಿಲ್ಲ. ಕೂಸುಗಳೂ ಅಳಲಿಲ್ಲ. ‘ನಮ್ಮ ಜಗದ್ಗುರು’ ಎಂದರು ಫಾದರ್. ನಿಂತರು. ಹೊಸ ಹೆಸರು ನಾಲಿಗೆಗೆ ಇನ್ನೂ ಹೊಂದಿರಲಿಲ್ಲವೋ, ಬೆನ್ನ ಹಿಂದಿನವರು ಮತ್ತೆ ಬಂದು ನಿಂತಿದ್ದರೋ. ಕಿಟಕಿಯಿಂದ ಕಾಣುತ್ತಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು.

ಇಮ್ರಾನ — ಎಂದಿತು ಒಂದು ದನಿ.

ಕೊಟ್ಟ ಮಾತು ಮುರಿದರಲ್ಲ ಎಂದು ಸಿಟ್ಟಿನಿಂದ ಅತ್ತೆಯ ಕಡೆ ತಿರುಗಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ನನ್ನ ಬಾಯಿ ಇನ್ನೂ ತೆರೆದಿತ್ತು.

ಮದುವೆಯಾದ ಮೇಲೆ ಮೊದಲ ಸಲ ಹೇಳಿದ್ದು. ಬರೆದದ್ದೂ ಇದೇ ಮೊದಲು.

ಆಮೇಲೆ ಫಾದರ್ ಹೊಸ ಹೆಸರು ಹೇಳಿದರು. ಎರಡೇ ಅಕ್ಷರ. ಊರಿನ ಅಷ್ಟು ಸತ್ತವರು ಹಿಡಿಸಿದ್ದ ಜಾಗ, ಎರಡಕ್ಷರಕ್ಕೆ ತುಂಬಿ ಮುಚ್ಚಿಹೋಯಿತು.

ಮೇ ೧೧. ಸಂಜೆ

ಹೊತ್ತು ಇಳಿಯುವ ಮೊದಲೇ ಅತ್ತೆ ಕಿಟಕಿಗಳನ್ನೆಲ್ಲ ಹಾಕಿದರು. ಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ. ಹೆಸರು ಹೇಳಲೇ ಎಂದು ಬೇಡಿದವರು ಅತ್ತೆಯೇ. ಈಗ ನನ್ನ ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದಾರೆ. ಕೈಗೆ ಏನಾದರೂ ಕೆಲಸವಿರಲಿ ಎಂದು ನಾನು ಬರೆಯುತ್ತಿದ್ದೇನೆ.

ಇವರು ಬಂದರೆ ಬಾಗಿಲು ಬಡಿಯುವವರಲ್ಲ, ಕೂಗುವವರೂ ಅಲ್ಲ. ಟೆಂಪೋ ಕೀಲಿಯಿಂದ ಹೊರಗಿನ ಚಿಲಕದ ಮೇಲೆ ಎರಡು ಸಲ ಬಡಿಯುವುದು. ಆ ಸದ್ದು ಬಿದ್ದರೆ ನಾನು ರೊಟ್ಟಿಯ ಹಂಚು ಬಿಟ್ಟು ಓಡುತ್ತಿದ್ದೆ.

ಅಜಾನ್ ಆಗುತ್ತಿದೆ.

ಮುಗಿಯಿತು. ಏನೂ ಇಲ್ಲ.

ದೂರದಲ್ಲಿ ಯಾರದೋ ಎಮ್ಮೆ ಕೂಗಿತು. ಶ್ರೀಮಂತನ ಹೋಟೆಲಿನ ಟಿ.ವಿ. ಹಣಮವ್ವನ ಮನೆಗೂ, ಬೀರಲಿಂಗಪ್ಪನ ಮನೆಗೂ ಇಷ್ಟರೊಳಗೆ ಬಂದಾಗಿತ್ತು. ಅತ್ತೆ ನನ್ನ ಮುಖ ನೋಡಿದರು, ನಾನು ಅವರದು. ಇಬ್ಬರಿಗೂ ಉಸಿರು ಬಿಡಲು ಹೆದರಿಕೆ.

“ಇದ್ದಾನ,” ಎಂದರು. “ಎಲ್ಲೋ ಇದ್ದಾನ, ಬೇಕೂಫ.”

ನಗುತ್ತಾ ಅತ್ತರು. ನಾನೂ ಅತ್ತೆ. ಖುಷಿಯ ಹಿಂದೆಯೇ ಸಿಟ್ಟು ಬಂತು. ಇದ್ದೂ ಇಷ್ಟು ವರ್ಷ ಬರಲಿಲ್ಲವೇ? ಬರಲಿ, ಕಾಲು ಮುರಿಯುತ್ತೇನೆ. ಅತ್ತೆ ಮಂಡಿ ನೋವು ಮರೆತು ಎದ್ದು ಚಹಾಕ್ಕೆ ಇಟ್ಟರು. ಏಲಕ್ಕಿ ಜಜ್ಜುತ್ತಿದ್ದಾರೆ. ಇವರು ಹೋದ ಮೇಲೆ ಈ ಮನೆಯ ಚಹಾಕ್ಕೆ ಏಲಕ್ಕಿ ಬಿದ್ದಿರಲಿಲ್ಲ. ನಾಳೆ ಅಣ್ಣನಿಗೆ ನಾನೇ ಫೋನು ಮಾಡಿ ಹೇಳುತ್ತೇನೆ. ಸೊಲ್ಲಾಪುರಕ್ಕೆ ಇಬ್ಬರೂ ಹೋಗಿ ಹುಡುಕ

ಏಲಕ್ಕಿ ಜಜ್ಜುವ ಸದ್ದಲ್ಲ. ಅತ್ತೆಯ ಕೈ ನಿಂತಿದೆ.

ಕಬ್ಬಿಣದ ಮೇಲೆ ಕಬ್ಬಿಣ. ಎರಡು ಸಲ.

ಬಾಗಿಲಿನ ಕೆಳಗಿನ ಸಂದಿಯಿಂದ ಹೊಳೆಯ ಕೆಸರಿನ ವಾಸನೆ ಬರುತ್ತಿದೆ. ಅತ್ತೆ ನಕ್ಕೊ ಬೇಟಿ, ನಕ್ಕೊ ಖೋಲ್, ತೆಗೆಯಬೇಡ ಎನ್ನುತ್ತಿದ್ದಾರೆ. ತೆಗೆಯದಿದ್ದರೆ ಅವರ ಮಗ ಇನ್ನೂ ಇದ್ದಾನೆ.

ಮತ್ತೆ ಎರಡು ಸಲ. ಮೊದಲಿಗಿಂತ ಮೆಲ್ಲಗೆ. ಬೀರಲಿಂಗಪ್ಪನ ತಾಯಿಯದೂ ಹೀಗೇ ಮೆಲ್ಲಗಾಗಿ ನಿಂತಿತ್ತು.

ಇಷ್ಟು ದೂರ ಬಂದವರನ್ನು ಹೊರಗೆ ನಿಲ್ಲಿಸುವುದು ಹೇಗೆ?

ಏಳುತ್ತೇನೆ. ಬಳೆ ಸದ್ದಾಗದಂತೆ ಒಂದು ಕೈಯಿಂದ ಅದುಮಿ ಹಿಡಿದುಕೊಂಡು