ನನ್ನ ಮೇಲೆ ನೀನೇ ಕೇಸು ಹಾಕು

ಸಾನ್ ಎಲಿಸೆಯೊ, ಟೆಕ್ಸಸ್
ಮಂಗಳವಾರ

ನಮ್ಮ ಜಿಲ್ಲೆಯ ಸರ್ಕಾರಿ ವಕೀಲನಾದ ಮಗು ಎಫ್ರೆನ್‌ಗೆ,

ಬೆಳಗಿನಿಂದ ಕೂತರೆ ನಿಲ್ಲೋಣ, ನಿಂತರೆ ಕೂರೋಣ ಅನ್ನಿಸುತ್ತಿದೆ. ತಮಾಲೆ ಕಡುಬಿಗೆ ಕಲಸಿದ ಜೋಳದ ಹಿಟ್ಟು ಹಾಗೇ ಒಣಗುತ್ತಿದೆ.

ಕಣ್ಣು ಕಾಣದ ಚೋನಾಳ ಅಂಚೆ ಮತವನ್ನು ನಾನು ಪೆಟ್ಟಿಗೆಗೆ ಹಾಕಿದ್ದು ನಿಜ. ಇನ್ನೊಬ್ಬರ ಮತ ತಂದು ಹಾಕುವವರು ಲಕೋಟೆಯ ಮೇಲೆ ಮಾಡಬೇಕಾದ ಸಹಿಯನ್ನು ನಾನು ಮರೆತದ್ದೂ ನಿಜ. ನೀನು ಬೇಲಿಯಾಚೆಯಿಂದಲೇ "ಹೋಗಿ ಚಿಕ್ಕಮ್ಮ, ಇದೂ ಒಂದು ಕೇಸಾ?" ಎಂದು ನಕ್ಕುಬಿಟ್ಟೆ.

ನಿನ್ನೆ ರಾಜ್ಯದ ರಾಜಧಾನಿಯಿಂದ ಸರ್ಕಾರದ ಕಡೆಯವನೊಬ್ಬ ಬಂದಿದ್ದ. "ನಿಮ್ಮೂರ ವಕೀಲ ಬಿಟ್ರೆ ರಾಜ್ಯ ಬಿಡುತ್ತಾ? ಪಕ್ಕದ ಜಿಲ್ಲೇಲಿ ಕೇಸ್ ಹಾಕ್ತೀವಿ" ಅಂದ. ಕಾಫಿ ಕೊಟ್ಟೆ, ಮುಟ್ಟಲಿಲ್ಲ.

ಅಲ್ಲಿ ತೀರ್ಪು ಹೇಳಲು ಜ್ಯೂರಿಯಾಗಿ ಕೂರುವ ಆ ಊರಿನ ಜನಕ್ಕೆ ಚೋನಾಳೂ ಗೊತ್ತಿಲ್ಲ, ನಾನೂ ಗೊತ್ತಿಲ್ಲ. ಇಲ್ಲಿಯವರಿಗೆ ಇಬ್ಬರೂ ಗೊತ್ತು. ಒಂದು ಸಲ ತೀರ್ಪಾದ ಕೇಸನ್ನು ಮತ್ತೆ ಯಾರೂ ಎತ್ತುವಂತಿಲ್ಲ ಎಂದು ನೀನೇ ಹೇಳಿದ್ದೆ. ಹಾಗಾದರೆ ಅವರಿಗಿಂತ ಮೊದಲು ನೀನೇ ನನ್ನ ಮೇಲೆ ಕೇಸು ಹಾಕು. ತಪ್ಪು ಅಂದರೂ ತಲೆ ಬಾಗುತ್ತೇನೆ, ಹೇಳುವವರು ನಮ್ಮೂರವರಲ್ಲವೇ. ದಾಕ್ಷಿಣ್ಯ ಬೇಡ.

ಬಂಧಿಸಲು ಯಾರನ್ನಾದರೂ ಬೇಗ ಕಳಿಸು. ನಾಯಿ ಕಟ್ಟಿದ್ದೇನೆ, ಶೂ ಹಾಕಿಕೊಂಡೇ ಕೂತಿದ್ದೇನೆ.

ಬೇಲಿಯಾಚೆಯ ನಿನ್ನ ಚಿಕ್ಕಮ್ಮ,
ಓರಾಲಿಯಾ