ಹಳೆಯ ಕ್ಯಾಂಪಿನಲ್ಲಿ ಸೆರೆಯಾದ ಸ್ಕೂಟರ್

ಹಳೆಯ ಕ್ಯಾಂಪಿನ ಮೈದಾನಕ್ಕೆ ಬೀಗ ಹಾಕಿಸಿದ ಮಾನ್ಯ ಅಧಿಕಾರಿಗಳೇ,

ತಮ್ಮ ಬೀಗದಿಂದಾಗಿ ನನ್ನ ಹೆಂಡತಿ ಯಶೋಧರಾ ದಿನವೂ ಬಸ್ಸಿಗೆ ಕಾಯುತ್ತಿದ್ದಾಳೆ. ಅವಳು ಆರೋಗ್ಯ ಸಹಾಯಕಿ. ಮಸ್ಕಿ ಸುತ್ತಲಿನ ಹಳ್ಳಿಗಳಲ್ಲಿ ಬಸುರಿಯರು ಅವಳಿಗೆ ಕಾಯುತ್ತಿದ್ದಾರೆ. ಇದರಲ್ಲಿ ದೊಡ್ಡ ತಪ್ಪು ನನ್ನದೇ ಎಂದು ಅವಳ ತೀರ್ಮಾನ. ಉಳಿದ ಸಣ್ಣ ಪಾಲನ್ನು ತಮಗೆ ಅರ್ಪಿಸಲು ಈ ಪತ್ರ.

ಲಿಂಗಸುಗೂರಿನಿಂದ ಮಸ್ಕಿಗೆ ಹೋಗುವ ರಸ್ತೆಯ ಆ ಕ್ಯಾಂಪಿನಲ್ಲಿ ಮೊದಲು ಸೈನಿಕರು ಕವಾಯತು ಮಾಡಿದರು. ಅವರು ಹೋದ ಮೇಲೆ ಗ್ರಾಮೀಣ ತರಬೇತಿ ನಡೆಯಿತು. ಹುಟ್ಟಿದಾಗಿನಿಂದ ನೇಗಿಲು ಹಿಡಿದಿದ್ದ ನನ್ನ ತಂದೆ ಅಂಬಪ್ಪ ಅಲ್ಲಿ ನೇಗಿಲು ಹಿಡಿಯಲು ಕಲಿತು ಸರ್ಟಿಫಿಕೇಟು ತಂದಿದ್ದರು. ಅದೂ ಮುಚ್ಚಿ, ಬೀಜದ ಗೋದಾಮಾಗಿ, ಕೊನೆಗೆ ಹಾಳುಬಯಲಾದಾಗ ಹೆಂಗಸರು ಬಂದರು. ಟೇಲರ್ ಹಸೀನಾಬೀ ಯಶೋಧರೆಗೆ ಅಲ್ಲಿ ಸ್ಕೂಟರ್ ಕಲಿಸಿದರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ನಾನು ಬೇವಿನ ನೆರಳಲ್ಲಿ ಕುಳಿತು ಸಮತೋಲನದ ನಿಯಮಗಳನ್ನು ಕೂಗುತ್ತಿದ್ದೆ.

"ಹೇಳೋದು ಸಾಕ್ರಿ, ಹತ್ತಿ ತೋರಸ್ರಿ," ಎಂದಳು ಹೆಂಡತಿ.

ಹತ್ತಿದೆ. ಸ್ಕೂಟರ್ ಮುಂದೆ ಹೋಯಿತು, ನಾನು ಹೋಗಲಿಲ್ಲ.

"ನಿಮ್ಮ ನಿಯಮ ಗಾಡಿಗೆ ಗೊತ್ತಿಲ್ಲೇನ್ರಿ ಸರ?" ಎಂದು ಹಸೀನಾಬೀ ನನ್ನನ್ನು ಎಬ್ಬಿಸಿದರು.

ಅಂದಿನಿಂದ ನಾನೂ ಅವರ ಶಿಷ್ಯ. ಯಶೋಧರಾ ಲೈಸೆನ್ಸ್ ಪಡೆದು ಸ್ವಂತ ಸ್ಕೂಟರ್ ಕೊಂಡಳು. ನಾನಿನ್ನೂ ತಿರುವು ಕಲಿಯುತ್ತಿದ್ದಾಗ ತಾವು ಮೈದಾನದ ತುಂಬ ಜಪ್ತಿ ಮಾಡಿದ ಮರಳಿನ ಟ್ರ್ಯಾಕ್ಟರ್ ನಿಲ್ಲಿಸಿದಿರಿ. ಇಷ್ಟು ಕಾಲ ಜನ ಏನಾದರೊಂದು ಕಲಿತುಹೋದ ಜಾಗ ತುಕ್ಕು ಹಿಡಿಯುವುದಕ್ಕೇ ಮೀಸಲಾದರೆ, ಅದನ್ನು ಸದ್ಬಳಕೆ ಎಂದು ಯಾವ ನಾಲಿಗೆಯಿಂದ ಹೇಳೋಣ?

"ಜಪ್ತಿ ಆದ ಗಾಡಿ ಅಷ್ಟ ಒಳಗ ಬಿಡಬೇಕಂತ ಹೇಳ್ಯಾರ್ರಿ ಸರ," ಎಂದು ಗೇಟಿನಲ್ಲಿ ನಮ್ಮನ್ನು ತಡೆದ ಕಾವಲುಗಾರ ರಹಿಮಾನ್.

ಹಟಕ್ಕೆ ಬಿದ್ದು ಹೆಂಡತಿಯ ಸ್ಕೂಟರನ್ನು ರಸ್ತೆಗಿಳಿಸಿದೆ. ತಿರುವು ಬಂತು, ನಾನು ತಿರುಗಲಿಲ್ಲ. ಎದುರಿಗೆ ನಿಂತಿದ್ದದ್ದು ತಮ್ಮದೇ ಜೀಪು. ನನಗೆ ಲೈಸೆನ್ಸ್ ಇರಲಿಲ್ಲ. ಸಂಜೆಯ ಹೊತ್ತಿಗೆ ಸ್ಕೂಟರ್ ಮೈದಾನದೊಳಗೆ, ನಾನು ಹೊರಗೆ.

ನನ್ನ ಮೊಣಕಾಲಿಗೆ ಪಟ್ಟಿ ಕಟ್ಟುತ್ತಾ ಯಶೋಧರಾ ಕೇಳಿದಳು: "ಶಿವಗಂಗಾಗ ದಿನ ತುಂಬ್ಯಾವ. ನಾಳೆ ಆಕಿ ಹತ್ರ ಹೆಂಗ ಹೋಗ್ಲಿ?"

ಬಸ್ಸಿದೆಯಲ್ಲ ಎಂದೆ. ಮರುದಿನ ಬಸ್ಸೂ ಬರಲಿಲ್ಲ. ಹಸೀನಾಬೀ ಅಂಗಡಿ ಮುಚ್ಚಿ, ತಮ್ಮ ಸ್ಕೂಟರಿನಲ್ಲಿ ಯಶೋಧರೆಯನ್ನು ಹಿಂದೆ ಕೂರಿಸಿಕೊಂಡು ಹೊರಟರು. ಸಮಯಕ್ಕೆ ಮುಟ್ಟಿದರು; ತಾಯಿ, ಮಗು ಕ್ಷೇಮ. ಆದರೆ ಪ್ರತಿ ಹೆರಿಗೆಗೂ ಒಂದು ಟೇಲರ್ ಅಂಗಡಿ ಮುಚ್ಚಬೇಕೆ?

ದಂಡ ನನಗೆ ಹಾಕಿ, ಸ್ಕೂಟರ್ ಅವಳಿಗೆ ಕೊಡಿ. ಟ್ರ್ಯಾಕ್ಟರುಗಳನ್ನು ಒಂದು ಮಗ್ಗುಲಿಗೆ ಸರಿಸಿ, ಬೆಳಗಿನ ಹೊತ್ತು ಹೆಂಗಸರಿಗೆ ಗೇಟು ತೆಗೆಸಿ. ಅಂಗನವಾಡಿಯ ಶಿಕ್ಷಕಿಯರು ಕಲಿಯಲು ಕಾದಿದ್ದಾರೆ. ನನ್ನ ಪ್ರವೇಶಕ್ಕೆ ತಮ್ಮ ಅನುಮತಿ ಕೇಳುತ್ತಿಲ್ಲ. ಅದನ್ನು ಹಸೀನಾಬೀ ಕೊಡಬೇಕು. ಅವರು ಇನ್ನೂ ಒಪ್ಪಿಲ್ಲ.

ಇಂತಿ,
ವೈದ್ಯರ ಹಾಗೂ ಹೆಂಡತಿಯ ಆದೇಶದಂತೆ ಸದ್ಯ ಕಾಲ್ನಡಿಗೆಯಲ್ಲಿರುವ
ಗಂಗಾಧರ, ಲಿಂಗಸುಗೂರು