ಡ್ರಮ್ಮು ಮುಟ್ಟಿ ಕಣ್ಣಿಗೊತ್ತಿಕೊಂಡ ಅಳಿಯ

ಶ್ರೀ ದುರಗವ್ವ ಪ್ರಸನ್ನ

ತಮ್ಮ ಹುಚ್ಚಪ್ಪನಿಗೆ ಅಕ್ಕ ಫಕೀರವ್ವನ ಆಶೀರ್ವಾದ. ಮಗಳ ಮನೆ ಮುಟ್ಟಿದೆ. ರೈಲಿನಲ್ಲಿ ಕೂತು ಮೊಣಕಾಲು ಹಿಡಿದಿತ್ತು, ಎಣ್ಣೆ ತಿಕ್ಕಿದ ಮೇಲೆ ಆರಾಮ.

ಅಳಿಯ ಉಡಚಪ್ಪನ ಹೊಸ ಕೆಲಸ ಕೇಳು. ಅಣು ಕಾರ್ಖಾನೆಯ ವಿಷದ ಕಸವನ್ನು ಡ್ರಮ್ಮಿನಲ್ಲಿ ತುಂಬಿ, ನಾವು ನೆಲದೊಳಗಿನ ಹಗೇವಿಗೆ ಜೋಳ ಇಳಿಸಿದಂತೆ ಹಳೆಯ ಗಣಿಯೊಳಗೆ ಇಳಿಸುವುದು. ಈಗಿನ್ನೂ ತಾಲೀಮು. ಡ್ರಮ್ಮಿನೊಳಗೆ ಬರೀ ಉಸುಕು, ಮೇಲೆ ವಿಷದ ಬದಲು ಸುಣ್ಣದ ಪುಡಿ. ಮೈಗೆ ಬಿಳಿ ಹತ್ತಿದರೆ ವಿಷ ಹತ್ತಿದಂತೆ. ಎರಡು ಸಲ ಹತ್ತಿದವನಿಗೆ ಕೆಲಸವಿಲ್ಲ.

ಮೊನ್ನೆ ಮನೆಯವರನ್ನೂ ನೋಡಲು ಕರೆದಿದ್ದರು. ಹಗ್ಗ ಜಾರಲಿಲ್ಲ, ಡ್ರಮ್ಮು ಬೀಳಲಿಲ್ಲ. ಆದರೆ ಉಡಚಪ್ಪನ ಎರಡೂ ರೆಪ್ಪೆ ಬೆಳ್ಳಗೆ! ಕೆಲಸ ಹಿಡಿಯುವ ಮುಂಚೆ, ಹೊಲ ಉಳುವ ರಂಟೆ ಮುಟ್ಟಿದ ಹಾಗೆ, ಗವಸಿನ ಕೈಯಿಂದಲೇ ಡ್ರಮ್ಮು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದ. ಮಂದಿ ಬಿದ್ದು ಬಿದ್ದು ನಕ್ಕರು. ಮಗಳು ಮಾತ್ರ ಅತ್ತಳು.

"ನಿಜವಾದ ಕಸ ಇದ್ದಿದ್ದರೆ ಕಣ್ಣಿನ ಗತಿ ಏನಯ್ಯಾ? ಇನ್ನೊಂದು ಸಲ ಹೀಗಾದರೆ ಊರಿಗೆ ನಡಿ" ಎಂದರು ತಾಲೀಮು ಕೊಡುವ ಸಾಹೇಬರು.

ನಾನು ಸುಮ್ಮನಿರಲಿಲ್ಲ. "ನಮಸ್ಕಾರ ಬಿಡಂದ್ರ ಅಂವ ಬಿಡಾಂವಲ್ರಿ. ದೂರ ನಿಂತು ಮಾಡಂತ ಹೇಳ್ರಿ, ಮಾಡ್ತಾನ. ಗುಡಿ ಹೊರಗ ನಿಂತು ಕೈ ಮುಗಿದ ಮಂದಿರೀ ನಾವು, ನಮಗೇನ ಹೊಸಾದಲ್ಲ."

ಸಾಹೇಬರು ಕೂಡಲೇ ಡ್ರಮ್ಮಿನಿಂದ ಐದು ಮಾರು ಈಚೆ ಕೆಂಪು ಗೆರೆ ಎಳೆಸಿದರು.

ಇವತ್ತಿನ ತಾಲೀಮಿನಲ್ಲಿ ಬ್ಯಾಟರಿ ಬೆಳಕು ಬಿಟ್ಟು ಹುಡುಕಿದರೂ ಉಡಚಪ್ಪನ ಮೈಮೇಲೆ ಬಿಳಿ ಚುಕ್ಕೆಯಿಲ್ಲ. ಕೆಲಸ ಉಳಿಯಿತು. ಕೆಲಸ ಹಿಡಿಯುವ ಮುಂಚೆ ಅವನ ಜೊತೆ ಗ್ಯಾಂಗಿನವರೆಲ್ಲ ಗೆರೆಯ ಹೊರಗೇ ನಿಂತು ಕೈ ಮುಗಿದಿದ್ದರು, ಸಾಹೇಬರೂ ಸಾಲಿನಲ್ಲಿದ್ದರು.

ಕಾರ್ಡು ತುಂಬಿತು.

ಫಕೀರವ್ವ